ಹಾರಂಗಿಗೂ ಅಳಿವೆಗೂ ಒಂದೇ ಎಂಜಿನ್: ಹಾಯಿದೋಣಿಗೆ ಎಷ್ಟು ಎಚ್‌ಪಿ ಬೇಕು?

ಓದುಗರ ಪ್ರಶ್ನೆ: ನೌಕಾಪಡೆಯಿಂದ ನಿವೃತ್ತಿಯಾದ ಮೇಲೆ ಕೊಡಗಿನ ಸಿದ್ದಾಪುರದ ಹತ್ತಿರ ಮನೆಯ ಕಾಫಿ ತೋಟ ನೋಡಿಕೊಂಡಿದ್ದೇನೆ. ನನ್ನ ಹತ್ತಿರ 18 ಅಡಿಯ ಹಳೆಯ ಫೈಬರ್ ಹಾಯಿದೋಣಿ ಇದೆ. ನೀರಿನ ಗೆರೆಯಲ್ಲಿ ಅಳೆದರೆ 16 ಅಡಿ, ತೂಕ ಸುಮಾರು 450 ಕೆ.ಜಿ. ಮಳೆಗಾಲ ಮುಗಿದ ಮೇಲೆ ಅನುಮತಿ ಪಡೆದು ಹಾರಂಗಿ ಹಿನ್ನೀರಿನಲ್ಲಿ ಓಡಿಸುತ್ತೇನೆ. ವರ್ಷಕ್ಕೊಮ್ಮೆ ಜನವರಿಯಲ್ಲಿ ಟ್ರೈಲರ್ ಮೇಲೆ ಹಾಕಿಕೊಂಡು ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇವೆ. ಅಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಸೇರುವ ಅಳಿವೆಯಲ್ಲಿ ಒಂದು ವಾರ ಇರುತ್ತೇವೆ. ಈಗಿರುವುದು 4 ಎಚ್‌ಪಿಯ ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂದೆ ನೇತುಹಾಕುವ ಎಂಜಿನ್), ಗಿಡ್ಡ ಕಾಲಿನ ಶಾರ್ಟ್ ಶಾಫ್ಟ್. ಈ ಸಲ ಅದು ಕೈಕೊಟ್ಟಿತು. ಚೋಕ್ ಎಳೆದರೆ ಓಡುತ್ತದೆ, ಒಳಗೆ ತಳ್ಳಿದರೆ ನಿಲ್ಲುತ್ತದೆ. ಗಾಳಿ ಎದ್ದಾಗ ಎಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಕಳೆದ ತಿಂಗಳು ಮೊಮ್ಮಗಳು ಜೊತೆಗಿದ್ದಾಗ ಹೀಗೇ ಆಗಿ, ಮರದ ಬೊಡ್ಡೆಗಳಿರುವ ದಡದ ಕಡೆ ತೇಲಿಹೋದೆವು. ಲಂಗರು ಹಾಕಿ ಉಳಿದುಕೊಂಡೆವು. 9.9 ಎಚ್‌ಪಿ ಹೊಸದು ತೆಗೆದುಕೊಳ್ಳೋಣ ಅಂತ ನನ್ನ ಯೋಚನೆ. ಗೆಳೆಯರೊಬ್ಬರು ಮಲ್ಪೆಯಿಂದ ಸೆಕೆಂಡ್ ಹ್ಯಾಂಡ್ ಸೀಮೆಎಣ್ಣೆ ಎಂಜಿನ್ ತರಿಸಿ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ ಎಲೆಕ್ಟ್ರಿಕ್ ಕೊಡಿಸುತ್ತೇನೆ ಅನ್ನುತ್ತಾನೆ. ಕಳೆ ಕೊಚ್ಚುವ ಮೆಷಿನ್ ಅಂಗಡಿಯವರು ಅದೇ ಮೆಷಿನ್‌ಗೆ ಪ್ರೊಪೆಲರ್ ಜೋಡಿಸುವ ಕಿಟ್ ತೋರಿಸಿದರು. ಎಂಜಿನ್ ಕೂರಿಸುವ ಬ್ರಾಕೆಟ್ ಹಲಗೆಯ ಮೇಲಂಚಿನಿಂದ ನೀರಿಗೆ 15 ಇಂಚು ಇದೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ:

ಎಂಜಿನ್ ನಿಂತಾಗ ನೀವು ಸ್ಟಾರ್ಟರ್ ಹಗ್ಗ ಎಳೆಯುತ್ತಾ ಕೂರದೆ ಮೊದಲು ಲಂಗರು ಹಾಕಿದಿರಿ. ಅದೇ ಸರಿಯಾದ ಕೆಲಸ. ಹತ್ತು ಸಲ ಹಗ್ಗ ಎಳೆಯುವಷ್ಟರಲ್ಲಿ ದೋಣಿ ಬೊಡ್ಡೆಗೆ ತಾಗಿರುತ್ತದೆ. ಹೊಸ ಎಂಜಿನ್ ಬಂದ ಮೇಲೂ ಲಂಗರು ಕೈಗೆ ಸಿಗುವ ಜಾಗದಲ್ಲೇ ಇರಲಿ.

ನಾನು ಮಂಗಳೂರಿನ ಧಕ್ಕೆಯಲ್ಲಿ ದೋಣಿ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತವನು. ಈಗ ಕುಶಾಲನಗರದಲ್ಲಿ ಅದೇ ಕೆಲಸ ಮಾಡುತ್ತೇನೆ. ಎಂಜಿನ್ ಬದಲಿಸಬೇಕು ಅಂತ ಬರುವವರಲ್ಲಿ ಜಾಸ್ತಿ ಜನ ಮೊದಲು ಕೇಳುವುದು "ಎಷ್ಟು ಎಚ್‌ಪಿ ಹಾಕಲಿ" ಅಂತ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಎಚ್‌ಪಿ ಕಡಿಮೆ ಆಗಿದ್ದರಿಂದ ಬಂದದ್ದು ಅವುಗಳಲ್ಲಿ ಒಂದೂ ಇಲ್ಲ. ಇದನ್ನು ಬಿಡಿಸಿಕೊಳ್ಳದೆ 9.9 ತಂದರೆ, ಮುಂದಿನ ವರ್ಷ ಅದೂ ಅದೇ ಜಾಗದಲ್ಲಿ ಕಿರುಚುತ್ತದೆ, ಅದೇ ರೀತಿ ನಿಲ್ಲುತ್ತದೆ.

ಹಳೆಯ ಎಂಜಿನ್‌ಗೆ ಆಗಿದ್ದೇನು?

ಚೋಕ್ ಎಳೆದಾಗ ಗಾಳಿಯ ದಾರಿ ಮುಚ್ಚಿ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಚೋಕ್ ಇದ್ದರೆ ಮಾತ್ರ ಓಡುತ್ತದೆ ಅಂದರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ನೂರಕ್ಕೆ ತೊಂಬತ್ತು ಸಲ ಇದು ಕಾರ್ಬ್ಯುರೇಟರ್ ಒಳಗಿನ ಸಣ್ಣ ಜೆಟ್ (ಪೆಟ್ರೋಲ್ ಹಾಯುವ ತೂತಿನ ಭಾಗ) ಕಟ್ಟಿಕೊಂಡ ಲಕ್ಷಣ. ಮಳೆಗಾಲಕ್ಕೆ ಮುಂಚೆ ದೋಣಿಯನ್ನು ಶೆಡ್‌ಗೆ ಸೇರಿಸಿದಾಗ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹಾಗೇ ಉಳಿದಿರಬೇಕು. ನಾಲ್ಕೈದು ತಿಂಗಳಲ್ಲಿ ಅದು ಆರಿ, ತಳದಲ್ಲಿ ಬೆಲ್ಲದ ಪಾಕದ ಹಾಗೆ ಅಂಟು ಉಳಿಯುತ್ತದೆ. ಸಣ್ಣ ಜೆಟ್‌ನ ತೂತು ಸೂಜಿಯ ಮೊನೆಯಷ್ಟೇ ಇರುತ್ತದೆ. ಒಂದು ಹನಿ ಅಂಟು ಸಾಕು ಅದನ್ನು ಮುಚ್ಚಲು.

ಈಗಿನ ಪೆಟ್ರೋಲ್‌ನಿಂದ ಈ ತೊಂದರೆ ಹೆಚ್ಚಾಗಿದೆ. ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಮಾರಾಟ ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು. ಔಟ್‌ಬೋರ್ಡ್ ಕಂಪನಿಗಳ ಕೈಪಿಡಿ ತೆರೆದು ನೋಡಿ, ಜಾಸ್ತಿ ಕಡೆ ನೂರಕ್ಕೆ 10 ಭಾಗದವರೆಗೆ ಮಾತ್ರ ಎಥನಾಲ್ ಇರಬಹುದು ಅಂತ ಬರೆದಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಕೊಡಗಿನ ಜೂನ್, ಜುಲೈ ತಿಂಗಳಲ್ಲಿ ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಟ್ಯಾಂಕಿನ ಪೆಟ್ರೋಲ್ ಸುಮ್ನೆ ಇರುತ್ತದಾ? ತೇವ ಒಂದು ಮಿತಿ ದಾಟಿದರೆ ನೀರು, ಎಥನಾಲ್ ಎರಡೂ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಮೊದಲು ಹೀರುವುದೇ ಆ ತಳದ್ದನ್ನು. ಹಳೆಯ ರಬ್ಬರ್ ಪೈಪ್‌ಗಳನ್ನೂ ಎಥನಾಲ್ ಮೆತ್ತಗೆ ಮಾಡುತ್ತದೆ. ಪೈಪ್‌ನ ಒಳಪದರ ಚೂರುಚೂರಾಗಿ ಕಾರ್ಬ್ಯುರೇಟರ್‌ಗೆ ಬಂದದ್ದನ್ನು ನಾನೇ ಎಷ್ಟೋ ಸಲ ಬಿಡಿಸಿ ತೆಗೆದಿದ್ದೇನೆ.

ಇದು ಒಂದನೇ ತೊಂದರೆ. ಇದಕ್ಕೆ ಹೊಸ ಎಂಜಿನ್ ಬೇಕಿಲ್ಲ, ಕಾರ್ಬ್ಯುರೇಟರ್ ತೊಳೆದು ಪೈಪ್ ಬದಲಿಸಿದರೆ ಮುಗಿಯಿತು. ಸಿದ್ದಾಪುರ, ಗೋಣಿಕೊಪ್ಪ, ಕುಶಾಲನಗರದಲ್ಲಿ ಸ್ಪ್ರೇಯರ್, ಕಳೆ ಕೊಚ್ಚುವ ಮೆಷಿನ್, ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗರಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿಲ್ಲದಿರುವುದು ಎಂಜಿನ್‌ನ ಕೆಳಭಾಗ: ನೀರು ಎಳೆಯುವ ಇಂಪೆಲರ್, ಗೇರ್‌ಬಾಕ್ಸಿನ ಸೀಲ್. ಅದನ್ನು ಔಟ್‌ಬೋರ್ಡ್ ಬಿಚ್ಚಿ ಅಭ್ಯಾಸ ಇರುವವರಿಗೇ ಕೊಡಿ.

ಎರಡನೆಯದು ಕಿರುಚುವುದು. ಇದರ ಉತ್ತರ ನಿಮ್ಮ ಪತ್ರದ ಕೊನೆಯ ಅಳತೆಯಲ್ಲೇ ಇದೆ.

ಹದಿನೈದು ಇಂಚಿನ ಲೆಕ್ಕ

ಪ್ರೊಪೆಲರ್ ಮೇಲೆ ಒಂದು ಅಗಲ ತಟ್ಟೆಯ ಹಾಗೆ ಇರುತ್ತದಲ್ಲ, ಅದು ಮೇಲಿನ ಗಾಳಿ ಪ್ರೊಪೆಲರ್‌ಗೆ ಇಳಿಯದ ಹಾಗೆ ತಡೆಯಲು ಇರುವುದು. ಶಾರ್ಟ್ ಶಾಫ್ಟ್ ಎಂಜಿನ್‌ನಲ್ಲಿ ಕ್ಲಾಂಪ್ ಕೂರುವ ಜಾಗದಿಂದ ಆ ತಟ್ಟೆಗೆ ಸುಮಾರು 15 ಇಂಚು. ಲಾಂಗ್ ಶಾಫ್ಟ್‌ನಲ್ಲಿ 20. ಎಕ್ಸ್‌ಟ್ರಾ ಲಾಂಗ್‌ನಲ್ಲಿ 25.

ನಿಮ್ಮ ಹಲಗೆಯಿಂದ ನೀರಿಗೆ 15 ಇಂಚು, ಎಂಜಿನ್ ಕೂಡ 15 ಇಂಚಿನದು. ಅಂದರೆ ದೋಣಿ ಅಲುಗಾಡದೆ ನಿಂತಾಗಲೇ ತಟ್ಟೆ ನೀರಿನ ಮಟ್ಟದಲ್ಲಿದೆ. ಗಾಳಿ ಎದ್ದರೆ ನೀವು ಮೊದಲು ಏನು ಮಾಡುತ್ತೀರಿ? ಹಾಯಿ ಇಳಿಸಲು ಒಬ್ಬರು ಮುಂದಿನ ಕಂಬದ ಹತ್ತಿರ ಹೋಗುತ್ತಾರೆ. 18 ಅಡಿ ದೋಣಿಯಲ್ಲಿ ಒಬ್ಬರು ಮುಂದೆ ಹೋದರೆ ಹಿಂಭಾಗ ಮೂರು ನಾಲ್ಕು ಇಂಚು ಏಳುತ್ತದೆ. ಮೇಲಿಂದ ಅಲೆ ಬೇರೆ. ಪ್ರೊಪೆಲರ್ ಗಾಳಿಯನ್ನು ಎಳೆದುಕೊಂಡು, ಹಿಡಿತ ತಪ್ಪಿ ಸುಮ್ನೆ ತಿರುಗುತ್ತದೆ. ಅದೇ ನಿಮಗೆ ಕೇಳಿಸಿದ ಕಿರುಚಾಟ. ಎಂಜಿನ್ ಅತಿ ಹೆಚ್ಚು ಬೇಕಾದ ಹೊತ್ತಿಗೇ ಅದು ನೀರು ಬಿಟ್ಟಿರುತ್ತದೆ. ಅಲ್ಲಿ 4 ಎಚ್‌ಪಿ ಇದ್ದರೂ ಒಂದೇ, 9.9 ಇದ್ದರೂ ಒಂದೇ.

ಶಾರ್ಟ್ ಶಾಫ್ಟ್ ಇರುವುದು ಹಿಂದಿನ ಹಲಗೆ ತಗ್ಗಾಗಿರುವ ಸಣ್ಣ ಹುಟ್ಟುದೋಣಿ, ರಬ್ಬರ್ ದೋಣಿಗಳಿಗೆ. ಹಾಯಿದೋಣಿಗೆ ಕಡಿಮೆ ಅಂದರೂ ಲಾಂಗ್ ಶಾಫ್ಟ್ ಬೇಕು. 20 ಇಂಚಿನದು ಹಾಕಿದರೆ ನಿಮ್ಮ ತಟ್ಟೆ 5 ಇಂಚು ನೀರಿನ ಕೆಳಗೆ ಹೋಗುತ್ತದೆ. ಒಬ್ಬರು ಮುಂದೆ ಹೋಗಿ ನಾಲ್ಕು ಇಂಚು ಎದ್ದರೆ ಉಳಿಯುವುದು ಒಂದೇ ಇಂಚು. ಹಿನ್ನೀರಿಗೆ ಅದು ಸಾಕು. ಅಳಿವೆಯ ಅಲೆಗೆ ನನಗೆ ಅದು ಧೈರ್ಯ ಕೊಡುವುದಿಲ್ಲ. ಆದ್ದರಿಂದ ಬ್ರಾಕೆಟ್ಟನ್ನು ಇನ್ನೂ ಮೂರು ಇಂಚು ಕೆಳಗೆ ಕೂರಿಸಿ. ನಿಮ್ಮದು ಸ್ಪ್ರಿಂಗ್ ಬ್ರಾಕೆಟ್ ಆಗಿದ್ದರೆ, ಈ 15 ಇಂಚು ಅಳೆದದ್ದು ಪೂರ್ತಿ ಕೆಳಗಿಳಿಸಿಯಾ, ಮಧ್ಯದ ಹಲ್ಲಿನಲ್ಲಿ ಇಟ್ಟಾ ಅಂತ ಒಮ್ಮೆ ನೋಡಿ. ದೋಣಿಯನ್ನು ನೀರಿಗೆ ಇಳಿಸಿ, ಸಾಮಾನು ತುಂಬಿ, ಎಂದಿನಷ್ಟು ಜನ ಹತ್ತಿದ ಮೇಲೆ ಅಳೆಯಬೇಕು. ಆಮೇಲೆ ಒಬ್ಬರನ್ನು ಕಂಬದ ಹತ್ತಿರ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ಟೇಪು ಹಿಡಿದು ಹತ್ತು ನಿಮಿಷ ಕಳೆದರೆ ಲಕ್ಷಾಂತರ ರೂಪಾಯಿಯ ತಪ್ಪು ಆಗುವುದಿಲ್ಲ.

ಹಾಗಾದರೆ 25 ಇಂಚಿನದನ್ನೇ ಹಾಕಬಾರದಾ? ಹಾಯಿಯಲ್ಲಿ ಹೋಗುವಾಗ ಎಂಜಿನ್ ಎತ್ತಿ ಕಟ್ಟಬೇಕಲ್ಲ, ಉದ್ದ ಕಾಲು ಪೂರ್ತಿ ನೀರಿನಿಂದ ಮೇಲೆ ಬರುವುದಿಲ್ಲ. ಎಳೆದುಕೊಂಡು ಹೋಗಿ ವೇಗ ಕಡಿಮೆ ಮಾಡುತ್ತದೆ. ಹಾರಂಗಿಯಲ್ಲಿ ನೀರು ಇಳಿದಾಗ ಬೊಡ್ಡೆಗೂ ಬೇಗ ತಾಗುತ್ತದೆ. ನಿಮ್ಮ ದೋಣಿಗೆ 20 ಇಂಚು ಮತ್ತು ತಗ್ಗಿಸಿದ ಬ್ರಾಕೆಟ್, ಇದೇ ಸರಿ.

9.9 ಯಾಕೆ ಬೇಡ

ಹಾಯಿದೋಣಿ ನೀರನ್ನು ಸೀಳಿಕೊಂಡು ಹೋಗುವ ದೋಣಿ, ಸ್ಪೀಡ್‌ಬೋಟ್ ಹಾಗೆ ನೀರಿನ ಮೇಲೆ ಎದ್ದು ಜಾರುವುದಿಲ್ಲ. ಮುಂದಕ್ಕೆ ಹೋದಂತೆ ತಾನೇ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ. ಅಲೆ ದೋಣಿಯಷ್ಟೇ ಉದ್ದವಾದಾಗ, ದೋಣಿ ತನ್ನದೇ ಅಲೆಯ ಗುಂಡಿಯಲ್ಲಿ ಕೂತುಬಿಡುತ್ತದೆ. ಅಲ್ಲಿಂದ ಮುಂದೆ ಎಷ್ಟು ಶಕ್ತಿ ಹಾಕಿದರೂ ಗುಡ್ಡ ಹತ್ತಿಸಿದ ಹಾಗೆ. ನೀರಿನ ಗೆರೆಯ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ಸಿಗುತ್ತದೆ. ನಿಮ್ಮದು 16 ಅಡಿ. ವರ್ಗಮೂಲ 4. ಅಂದರೆ 5.36 ನಾಟ್, ಗಂಟೆಗೆ ಹತ್ತು ಕಿಲೋಮೀಟರ್ ಹತ್ತಿರ. ನಿಮ್ಮ ದೋಣಿಯ ಮಿತಿ ಅದು.

ಇನ್ನು ಆ ವೇಗಕ್ಕೆ ಬೇಕಾದ ಶಕ್ತಿ. ದೋಣಿ 450 ಕೆ.ಜಿ., ಮೂವರು ಜನ, ಸಾಮಾನು, ಎಲ್ಲ ಸೇರಿ 720 ಕೆ.ಜಿ. ಅಂತ ಇಟ್ಟುಕೊಳ್ಳೋಣ. ಹಾಯಿದೋಣಿಗೆ ಟನ್ನಿಗೆ 4 ಎಚ್‌ಪಿ ಅನ್ನುವುದು ಹಳೆಯ ಅಂದಾಜು. ಆ ಲೆಕ್ಕದಲ್ಲಿ ನಿಮಗೆ 3 ಎಚ್‌ಪಿ ಸಾಕು. ಎದುರುಗಾಳಿಗೆ, ಅಳಿವೆಯ ಸೆಳೆತಕ್ಕೆ ಸ್ವಲ್ಪ ಕೈಯಲ್ಲಿರಲಿ ಅಂದರೆ 5.

ಕೊಡಗಿನ ಎತ್ತರವನ್ನೂ ಸೇರಿಸಬೇಕು. ಹಾರಂಗಿ ತುಂಬಿದಾಗಿನ ನೀರಿನ ಮಟ್ಟ ಸಮುದ್ರದಿಂದ 2,859 ಅಡಿ. ಗಾಳಿ ತೆಳುವಾಗುವುದರಿಂದ ಪ್ರತಿ ಸಾವಿರ ಅಡಿಗೆ ಎಂಜಿನ್ ನೂರಕ್ಕೆ ಸುಮಾರು 3 ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ 5 ಎಚ್‌ಪಿ ಕೊಡುವ ಎಂಜಿನ್ ಹಾರಂಗಿಯಲ್ಲಿ ನಾಲ್ಕೂವರೆ ಕೊಡುತ್ತದೆ ಅಂತ ತಿಳಿಯಿರಿ. ಚಿಂತೆ ಬೇಡ, ಇಷ್ಟು ಎತ್ತರಕ್ಕೆ ಜೆಟ್ ಬದಲಿಸುವ ಅಗತ್ಯ ಬರುವುದಿಲ್ಲ.

9.9ರ ಇನ್ನೊಂದು ತೊಂದರೆ ತೂಕ. ಈಗಿನ ಫೋರ್ ಸ್ಟ್ರೋಕ್ 9.9 ಎಂಜಿನ್ 40 ಕೆ.ಜಿ. ಆಸುಪಾಸು ಇರುತ್ತದೆ. ನಿಮ್ಮ ಹಳೆಯದು ಸುಮಾರು 20 ಕೆ.ಜಿ. ಇರಬಹುದು. ಅದಕ್ಕೆ ಮಾಡಿದ ಬ್ರಾಕೆಟ್ಟಿಗೆ ಎರಡರಷ್ಟು ತೂಕ ನೇತು ಹಾಕಿದರೆ ಬೋಲ್ಟ್ ಮೊದಲು ಸಡಿಲವಾಗುತ್ತದೆ, ಆಮೇಲೆ ಹಲಗೆ. ದೋಣಿಯ ಹಿಂಭಾಗ ಕುಸಿದು ಹಾಯಿಯ ಓಟವೂ ಕೆಡುತ್ತದೆ. ಈ ವಯಸ್ಸಿನಲ್ಲಿ ಅದನ್ನು ಜೀಪಿಗೆ ಎತ್ತಿ ಇಳಿಸುವವರು ಯಾರು ಅನ್ನುವುದನ್ನೂ ಯೋಚಿಸಿ.

ಹಿಂಬದಿ ಹಲಗೆಯ ಮಾತು ಬಂತು, ಇದನ್ನು ಬಿಡಬೇಡಿ. ಹಳೆಯ ಫೈಬರ್ ದೋಣಿಗಳಲ್ಲಿ ಫೈಬರ್ ಪದರದ ನಡುವೆ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನಿಂದ ಮಳೆನೀರು ಇಳಿದು ಅದು ಒಳಗೇ ಕೊಳೆಯುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಒಂದು ನಾಣ್ಯದಿಂದ ಬೋಲ್ಟ್ ಸುತ್ತ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಠಣ್ ಅನ್ನುತ್ತದೆ, ಕೊಳೆತ ಜಾಗ ಬೊದಬೊದ ಅನ್ನುತ್ತದೆ. ಹಾಗೆ ಕೇಳಿಸಿದರೆ ಎಂಜಿನ್ ಕೊಳ್ಳುವ ಮುಂಚೆ ಅದನ್ನು ಸರಿ ಮಾಡಿಸಿ.

ಬೇರೆಯವರು ಹೇಳಿದ ದಾರಿಗಳು

ಮಲ್ಪೆಯ ಸೀಮೆಎಣ್ಣೆ ಎಂಜಿನ್. ನಾಡದೋಣಿ ಮೀನುಗಾರರು ಅದನ್ನು ನಂಬಿ ಬದುಕುತ್ತಾರೆ, ಅದಕ್ಕೆ ಗೌರವ ಕೊಡಬೇಕಾದದ್ದೇ. ಆದರೆ ಅದು ಅವರ ಕೈಯಲ್ಲಿ ಉಳಿಯುವುದು ಅದು ದಿನಾ ಓಡುವುದರಿಂದ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲ್‌ಗೆ ತರಬೇಕು. ಮಸಿ ಕಟ್ಟುವುದರಿಂದ ಆಗಾಗ ಬಿಚ್ಚಿ ಕೆರೆಯಬೇಕು. ನೀವು ಓಡಿಸುವುದು ಒಂದು ದಿನಕ್ಕೆ ಇಪ್ಪತ್ತು ನಿಮಿಷ. ಆ ಎಂಜಿನ್ ಬಿಸಿಯಾಗುವ ಹೊತ್ತಿಗೆ ನಿಮ್ಮ ಕೆಲಸ ಮುಗಿದಿರುತ್ತದೆ. ಸಬ್ಸಿಡಿ ಸೀಮೆಎಣ್ಣೆ ನೋಂದಾಯಿತ ಮೀನುಗಾರರಿಗೆ ಇರುವುದು, ನಿಮಗಲ್ಲ. ವರ್ಷಗಟ್ಟಲೆ ಉಪ್ಪುನೀರು ಕುಡಿದ ಎಂಜಿನ್‌ನ ಒಳಗಿನ ನೀರಿನ ದಾರಿ ಹೇಗಿರುತ್ತದೆ ಅನ್ನುವುದು ಹೊರಗಿನ ಹೊಸ ಪೇಂಟ್‌ನಿಂದ ಗೊತ್ತಾಗುವುದಿಲ್ಲ. ಬೇಡ.

ಕಳೆ ಕೊಚ್ಚುವ ಮೆಷಿನ್‌ನ ಕಿಟ್ ಇನ್ನೂ ಬೇಡ. ಅದು ಗಾಳಿಯಿಂದ ತಣ್ಣಗಾಗುವ, ಅತಿ ಜೋರಾಗಿ ತಿರುಗುವ ಪುಟ್ಟ ಎಂಜಿನ್. ರಿವರ್ಸ್ ಇಲ್ಲ. ಕೆರೆಯಲ್ಲಿ ಒಬ್ಬರು ಮೀನು ಹಿಡಿಯುವ ತೆಪ್ಪಕ್ಕೆ ಸರಿಹೋಗಬಹುದು. 720 ಕೆ.ಜಿ. ದೋಣಿಯಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ಅದನ್ನು ನಂಬುವ ಹಾಗಿಲ್ಲ.

ಹೊಸ ಟೂ ಸ್ಟ್ರೋಕ್? ಅದು ಹಗುರ, ಸರಳ, ರಿಪೇರಿ ಸುಲಭ. ನನಗೆ ಆ ಎಂಜಿನ್‌ಗಳ ಮೇಲೆ ಪ್ರೀತಿ ಇದೆ, ಕೆಲಸ ಕಲಿತದ್ದೇ ಅವುಗಳಲ್ಲಿ. ಆದರೆ ಕಾರ್ಬ್ಯುರೇಟರ್ ಇರುವ ಟೂ ಸ್ಟ್ರೋಕ್‌ನಲ್ಲಿ ಹಾಕಿದ ಪೆಟ್ರೋಲ್‌ನ ಸುಮಾರು ಕಾಲು ಭಾಗ ಉರಿಯದೆ, ಎಣ್ಣೆಯ ಸಮೇತ ಹೊರಗೆ ಹೋಗುತ್ತದೆ. ಅದು ಹೋಗುವುದು ನೀರಿಗೆ. ಹಾರಂಗಿಯ ನೀರು ಕಾವೇರಿಗೆ ಸೇರುತ್ತದೆ. ಕೆಳಗಿನ ಊರಿನವರು ಅದನ್ನು ಕುಡಿಯುತ್ತಾರೆ. ಇದನ್ನು ಗೊತ್ತಿದ್ದೂ ಹೊಸ ಟೂ ಸ್ಟ್ರೋಕ್ ತೆಗೆದುಕೊಳ್ಳಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹಳೆಯದನ್ನೇ ಇನ್ನೊಂದು ವರ್ಷ ಓಡಿಸುವುದಾದರೆ ಒಂದು ಎಚ್ಚರ: ತೋಟದ ಮೆಷಿನ್‌ಗೆ ಹಾಕುವ ಟೂಟಿ ಆಯಿಲ್ ಹಾಕಬೇಡಿ. ನೀರಿನಿಂದ ತಣ್ಣಗಾಗುವ ಔಟ್‌ಬೋರ್ಡ್‌ಗೆ ಟಿಸಿ-ಡಬ್ಲ್ಯೂ3 ಅಂತ ಬರೆದಿರುವ ಎಣ್ಣೆಯೇ ಬೇಕು.

ನಿಮ್ಮ ಮಗ ಹೇಳಿದ ಎಲೆಕ್ಟ್ರಿಕ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಎಲೆಕ್ಟ್ರಿಕ್ ಅಂದರೆ ಎರಡು ಜಾತಿ. ಒಂದು, 12 ವೋಲ್ಟ್ ಟ್ರೋಲಿಂಗ್ ಮೋಟರ್. ಮೀನು ಹಿಡಿಯುವಾಗ ನಿಧಾನ ಸರಿಯಲು ಮಾಡಿದ್ದು. 55 ಪೌಂಡ್ ತಳ್ಳುವ ಮೋಟರ್ ಪೂರ್ತಿ ತಿರುಗಿದರೆ 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್‌ನ (ಎಎಚ್) ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಇಲ್ಲದಿದ್ದರೆ ಬ್ಯಾಟರಿ ಬೇಗ ಸಾಯುತ್ತದೆ. ಅಂದರೆ ಒಂದು ಗಂಟೆ. ಗಾಳಿ ಇಲ್ಲದಾಗ ಸರಿ, ಗಾಳಿಗೆ ಎದುರಾಗಿ ಅದು ದೋಣಿಯನ್ನು ಹಿಡಿದು ನಿಲ್ಲಿಸುವುದೇ ಕಷ್ಟ.

ಎರಡನೆಯದು ನಿಜವಾದ ಎಲೆಕ್ಟ್ರಿಕ್ ಔಟ್‌ಬೋರ್ಡ್. ಟಾರ್ಕೀಡೊ, ಇಪ್ರೊಪಲ್ಷನ್ ಅಂತ ಹೆಸರು ಕೇಳಿರಬಹುದು. 1 ಕಿಲೋವ್ಯಾಟ್ ಮೋಟರ್, ಲಿಥಿಯಂ ಬ್ಯಾಟರಿ, ಎಲ್ಲ ಸೇರಿ 20 ಕೆ.ಜಿ. ಒಳಗೆ. 3 ಎಚ್‌ಪಿ ಪೆಟ್ರೋಲ್ ಎಂಜಿನ್‌ಗೆ ಸಮ ಅಂತ ಕಂಪನಿ ಹೇಳುತ್ತದೆ. 1 ಕಿಲೋವ್ಯಾಟ್ ಅಂದರೆ 1.34 ಎಚ್‌ಪಿ ಅಲ್ವಾ, ಇದು ಹೇಗೆ ಅಂತ ನೀವು ಕೇಳಬಹುದು. ದೊಡ್ಡ ಪ್ರೊಪೆಲರನ್ನು ನಿಧಾನವಾಗಿ ತಿರುಗಿಸುವುದರಿಂದ ಶಕ್ತಿ ಕಡಿಮೆ ವ್ಯರ್ಥವಾಗುತ್ತದೆ. ನಿಧಾನದ ಹಾಯಿದೋಣಿಗೆ ಆ ಮಾತು ಹೆಚ್ಚುಕಡಿಮೆ ಸರಿ. ಬ್ಯಾಟರಿ 1,276 ವ್ಯಾಟ್-ಅವರ್ ಇದ್ದರೆ ಪೂರ್ತಿ ವೇಗದಲ್ಲಿ ಒಂದೂಕಾಲು ಗಂಟೆ. ವೇಗ ಇಳಿಸಿದರೆ ತುಂಬ ಹೊತ್ತು, ಯಾಕೆಂದರೆ ವೇಗ ಅರ್ಧವಾದರೆ ಬೇಕಾಗುವ ಶಕ್ತಿ ಎಂಟನೇ ಒಂದು ಭಾಗದ ಹತ್ತಿರ ಬರುತ್ತದೆ. ಜೆಟ್ ಇಲ್ಲ, ಎಥನಾಲ್ ಇಲ್ಲ, ಸದ್ದಿಲ್ಲ, ನೀರಿಗೆ ಎಣ್ಣೆ ಇಲ್ಲ.

ನೀವು ಹಾರಂಗಿಯಲ್ಲಿ ಮಾತ್ರ ಓಡಿಸುವವರಾಗಿದ್ದರೆ ನಾನು ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ಬೆಲೆ ಸಣ್ಣ ಪೆಟ್ರೋಲ್ ಎಂಜಿನ್‌ನ ಎರಡರಷ್ಟೋ ಅದಕ್ಕಿಂತ ಜಾಸ್ತಿಯೋ ಆಗುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟರೆ ಇಲ್ಲಿ ಯಾರೂ ಮುಟ್ಟುವ ಹಾಗಿಲ್ಲ, ಕಂಪನಿಗೇ ಕಳಿಸಬೇಕು. ಆದರೂ ಹಿನ್ನೀರಿಗೆ ಅದೇ ಚೆಂದ.

ಆದರೆ ನೀವು ಅಳಿವೆಗೆ ಹೋಗುತ್ತೀರಿ.

ಅಳಿವೆಯಲ್ಲಿ ನಾನು ಕಂಡದ್ದು

ಹಲವು ವರ್ಷಗಳ ಹಿಂದೆ, ರಿಪೇರಿ ಮಾಡಿದ ಎಂಜಿನ್ ನೋಡಲು ಒಬ್ಬರ ಸಣ್ಣ ಹಾಯಿದೋಣಿಯಲ್ಲಿ ಬೆಂಗ್ರೆ ಕಡೆಯಿಂದ ಹೊರಟಿದ್ದೆ. ಎರಡೂವರೆ ಎಚ್‌ಪಿ ಎಂಜಿನ್, ಅದರೊಳಗೇ ಇರುವ ಒಂದು ಲೀಟರ್ ಟ್ಯಾಂಕ್. ಇಳಿತ ಶುರುವಾಗಿತ್ತು. ಎರಡು ಹೊಳೆಗಳ ನೀರು, ಇಳಿತದ ಸೆಳೆತ, ಎಲ್ಲ ಒಟ್ಟಾಗಿ ಅಳಿವೆಬಾಗಿಲ ಕಡೆ ನುಗ್ಗುತ್ತಿತ್ತು. ಎಂಜಿನ್ ಪೂರ್ತಿ ಕೊಟ್ಟರೂ ದೋಣಿ ದಡಕ್ಕೆ ಹೋಲಿಸಿದರೆ ನಿಂತಲ್ಲೇ ಇತ್ತು. ಅರ್ಧ ಗಂಟೆಯೊಳಗೆ ಪೆಟ್ರೋಲ್ ಮುಗಿಯಿತು. ಕ್ಯಾನಿನಿಂದ ತುಂಬಿಸಲು ಹೋದರೆ ಅಲೆಗೆ ಅರ್ಧ ಹೊರಗೇ ಚೆಲ್ಲಿತು, ಬಿಸಿ ಎಂಜಿನ್ ಮೇಲೆ. ಮೀನಿನ ದೋಣಿಯೊಂದು ಹಗ್ಗ ಎಸೆದು ಎಳೆದುಕೊಂಡು ಬಂತು. ಅವತ್ತಿನಿಂದ ಅಳಿವೆಗೆ ಹೋಗುವವರಿಗೆ ನಾನು ಹೇಳುವುದು ಎರಡು: ಹೊರಗಿನ ಟ್ಯಾಂಕ್ ಜೋಡಿಸುವ ಎಂಜಿನ್ ಇರಲಿ, ಇಳಿತ ಏರಿತದ ಹೊತ್ತು ನೋಡಿಕೊಂಡು ಹೊರಡಿ.

ಒಂದೂಕಾಲು ಗಂಟೆಯ ಬ್ಯಾಟರಿ ಆ ಜಾಗಕ್ಕೆ ಸಾಲುವುದಿಲ್ಲ. ಅದಕ್ಕೇ ನಿಮಗೆ ನನ್ನ ಸಲಹೆ: 5 ಅಥವಾ 6 ಎಚ್‌ಪಿಯ ಫೋರ್ ಸ್ಟ್ರೋಕ್, 20 ಇಂಚಿನ ಲಾಂಗ್ ಶಾಫ್ಟ್, 12 ಲೀಟರ್‌ನ ಹೊರಗಿನ ಟ್ಯಾಂಕ್. ಅರ್ಧ ಆಕ್ಸಿಲರೇಟರ್‌ನಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ತೂಕ 25ರಿಂದ 27 ಕೆ.ಜಿ. ಒಂದು ವಿಷಯ ಅಂಗಡಿಯವರು ಹೇಳುವುದಿಲ್ಲ: ಹೆಚ್ಚಿನ ಕಂಪನಿಗಳಲ್ಲಿ 4, 5, 6 ಎಚ್‌ಪಿ ಮೂರೂ ಒಂದೇ ಎಂಜಿನ್, ಒಂದೇ ತೂಕ. ಕಾರ್ಬ್ಯುರೇಟರ್‌ನಂಥ ಒಂದೆರಡು ಭಾಗ ಮಾತ್ರ ಬೇರೆ. ಹಾಗಾಗಿ 4ರ ಬದಲು 6 ತೆಗೆದುಕೊಂಡರೆ ಹಿಂಭಾಗಕ್ಕೆ ಭಾರ ಹೆಚ್ಚುವುದಿಲ್ಲ. ಎತ್ತರಕ್ಕೆ ಕಳೆಯುವ ಅರ್ಧ ಎಚ್‌ಪಿಯೂ ವಾಪಸ್ ಬಂದ ಹಾಗಾಯಿತು.

ಪ್ರೊಪೆಲರ್ ಬಗ್ಗೆ ಬಾಯಿಬಿಟ್ಟು ಕೇಳಿ. ಎಂಜಿನ್ ಜೊತೆ ಬರುವುದು ಹಗುರ ದೋಣಿಯನ್ನು ಜೋರಾಗಿ ಓಡಿಸುವ ಪ್ರೊಪೆಲರ್. ನಿಮಗೆ ಬೇಕಾದದ್ದು ಕಡಿಮೆ ಪಿಚ್‌ನದು (ಪಿಚ್ ಅಂದರೆ ಒಂದು ಸುತ್ತಿಗೆ ಪ್ರೊಪೆಲರ್ ಮುಂದೆ ಸಾಗಬೇಕಾದ ದೂರ), 6 ಇಂಚಿನ ಆಸುಪಾಸು. ಮಳೆಗಾಲದಲ್ಲಿ ತೋಟದ ಕೆಸರು ದಾರಿಯಲ್ಲಿ ಜೀಪನ್ನು ಲೋ ಗೇರ್‌ಗೆ ಹಾಕುತ್ತೀರಲ್ಲ, ಅದೇ ಲೆಕ್ಕ. ವೇಗ ಬೇಡ, ಎಳೆತ ಬೇಕು. ರಿವರ್ಸ್ ಹಾಕಿ ದೋಣಿ ನಿಲ್ಲಿಸುವಾಗಲೂ ಇದರ ಬೆಲೆ ಗೊತ್ತಾಗುತ್ತದೆ. ಕೆಲವು ಕಂಪನಿಗಳು ಹಾಯಿದೋಣಿಗೆ ಅಂತಲೇ ಈ ಪ್ರೊಪೆಲರ್ ಹಾಕಿದ ಮಾಡೆಲ್ ಮಾಡುತ್ತವೆ.

ಯಾವ ಕಂಪನಿ ಅಂತ ನಾನು ಹಟ ಮಾಡುವುದಿಲ್ಲ. ಯಮಾಹಾ, ಸುಝುಕಿ, ಹೋಂಡಾ, ಟೊಹಾಟ್ಸು, ಮರ್ಕ್ಯುರಿ, ಎಲ್ಲವೂ ಈ ಅಳತೆಯಲ್ಲಿ ಒಳ್ಳೆಯ ಎಂಜಿನ್ ಮಾಡುತ್ತವೆ. ಇಂಪೆಲರ್, ಥರ್ಮೋಸ್ಟಾಟ್, ಪ್ರೊಪೆಲರ್‌ನ ಪಿನ್, ಈ ಮೂರು ಮಂಗಳೂರಿನಲ್ಲಿ ಕೈಗೆ ಸಿಗುವುದು ಯಾವ ಕಂಪನಿಯದೋ ಅದನ್ನು ತೆಗೆದುಕೊಳ್ಳಿ. ಕೊಳ್ಳುವ ದಿನವೇ ಮೂರನ್ನೂ ಒಂದೊಂದು ಹೆಚ್ಚಿಗೆ ತಂದಿಡಿ. ಅಂಥ ಪಿನ್ ಇರುವ ಮಾಡೆಲ್ ಆದರೆ, ಬೊಡ್ಡೆಗೆ ತಾಗಿದಾಗ ಮುರಿಯಬೇಕಾದದ್ದು ಆ ಪಿನ್, ಗೇರ್ ಅಲ್ಲ.

ತಂದ ಮೇಲೆ

ಫೋರ್ ಸ್ಟ್ರೋಕ್ ಎಂಜಿನ್ನನ್ನು ಜೀಪಿನಲ್ಲಿ ಹೇಗೆ ಬೇಕೋ ಹಾಗೆ ಮಲಗಿಸುವ ಹಾಗಿಲ್ಲ. ಯಾವ ಬದಿಗೆ ಮಲಗಿಸಬೇಕು ಅಂತ ಕೈಪಿಡಿಯಲ್ಲಿ, ಹೆಚ್ಚಾಗಿ ಎಂಜಿನ್ ಮೇಲೆಯೂ ಗುರುತು ಇರುತ್ತದೆ. ತಪ್ಪು ಬದಿಗೆ ಮಲಗಿಸಿ ಸಂಪಾಜೆ ಘಾಟಿಯ ತಿರುವುಗಳನ್ನು ಇಳಿದರೆ ಎಣ್ಣೆ ಸಿಲಿಂಡರ್‌ಗೆ ನುಗ್ಗಿರುತ್ತದೆ. ಮಂಗಳೂರಿನಲ್ಲಿ ಹಗ್ಗ ಎಳೆದರೆ ಅಲ್ಲಾಡುವುದಿಲ್ಲ. ಮಲಗಿಸುವ ಮುಂಚೆ ಒಳಗಿನ ನೀರು ಪೂರ್ತಿ ಇಳಿಯಲು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ.

ಅಳಿವೆಯಿಂದ ಬಂದ ದಿನವೇ ಒಂದು ಡ್ರಮ್‌ನಲ್ಲಿ ಸಿಹಿನೀರು ತುಂಬಿ ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ. ನೀರು ಉಗುಳುವ ತೂತಿನಿಂದ ಧಾರೆ ಗಟ್ಟಿಯಾಗಿ ಬರಬೇಕು. ಕ್ಷೀಣವಾದರೆ ಇಂಪೆಲರ್ ನೋಡಿಸಿ. ಎಂಜಿನ್ ಕಾಲಿಗೆ ಅಂಟಿಸಿದ ಲೋಹದ ತುಂಡು ಇರುತ್ತದೆ, ಆನೋಡ್. ಎಂಜಿನ್ ಬದಲು ತಾನು ತುಕ್ಕು ತಿನ್ನಿಸಿಕೊಳ್ಳುವುದು ಅದರ ಕೆಲಸ. ಉಪ್ಪುನೀರಿಗೆ ಸತುವಿನದು, ಸಿಹಿನೀರಿಗೆ ಮೆಗ್ನೀಶಿಯಂನದು. ಸತುವಿನದು ಸಿಹಿನೀರಿನಲ್ಲಿ ಪದರ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ, ಮೆಗ್ನೀಶಿಯಂ ಉಪ್ಪುನೀರಿನಲ್ಲಿ ಬೇಗ ಕರಗಿಹೋಗುತ್ತದೆ. ಎರಡೂ ಕಡೆ ಓಡಾಡುವ ನಿಮಗೆ ಅಲ್ಯುಮಿನಿಯಂ ಆನೋಡ್ ಹಾಕಿಸಿ. ಅದಕ್ಕೆ ಪೇಂಟ್ ಮಾತ್ರ ಹಚ್ಚಬೇಡಿ, ಹಚ್ಚಿದರೆ ಇದ್ದೂ ಇಲ್ಲದ ಹಾಗೆ.

ಪೆಟ್ರೋಲ್ ಆಯಾ ವಾರಕ್ಕೆ ಬೇಕಾದಷ್ಟೇ ತನ್ನಿ. ಉಳಿದದ್ದನ್ನು ಜೀಪಿಗೆ ಹಾಕಿಬಿಡಿ, ಹಾಗೇ ಇಡಬೇಡಿ. ಟ್ಯಾಂಕಿಗೂ ಎಂಜಿನ್‌ಗೂ ನಡುವೆ ನೀರು ಬೇರೆ ಮಾಡುವ ಫಿಲ್ಟರ್ ಹಾಕಿಸಿ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ತಳದ ಸ್ಕ್ರೂ ಬಿಚ್ಚಿ ಒಂದು ಡಬ್ಬಿಗೆ ಪೆಟ್ರೋಲ್ ಪೂರ್ತಿ ಇಳಿಸಿ. ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿದರೆ ಸಾಕು ಅಂತ ಹಲವರು ನಂಬಿದ್ದಾರೆ. ಸಾಲದು. ತಳದಲ್ಲಿ ಒಂದೆರಡು ಚಮಚ ಉಳಿದೇ ಇರುತ್ತದೆ, ಜೆಟ್ ಕಟ್ಟುವುದು ಅದೇ. ಮಳೆಗಾಲಕ್ಕೆ ಮುಂಚೆ ಗೇರ್ ಎಣ್ಣೆ ಇಳಿಸಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಸೀಲ್ ಹೋಗಿ ನೀರು ಒಳಗೆ ಸೇರಿದೆ ಅಂತ ಅರ್ಥ.

ಈ ವರ್ಷವೇ ಹಣ ಹಾಕುವುದು ಕಷ್ಟ ಅನ್ನಿಸಿದರೆ, ಹಳೆಯ ಎಂಜಿನ್‌ನ ಕಾರ್ಬ್ಯುರೇಟರ್ ತೊಳೆಸಿ, ಪೈಪ್, ಇಂಪೆಲರ್ ಬದಲಿಸಿ. ಬ್ರಾಕೆಟ್ಟನ್ನು ಆದಷ್ಟು ತಗ್ಗಿಸಿ. ಹಾರಂಗಿಯಲ್ಲಿ, ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ ಮಾತ್ರ ಓಡಿಸಿ. ಈ ಜನವರಿ ಮಂಗಳೂರು ಬೇಡ. ಶಾರ್ಟ್ ಶಾಫ್ಟ್ ಎಂಜಿನ್ ಕಟ್ಟಿಕೊಂಡು ಅಳಿವೆಗೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ.

ಕೊನೆಯದಾಗಿ ಮೊಮ್ಮಗಳ ವಿಷಯ. ಹೊಸ ಎಂಜಿನ್ ಜೊತೆ ಒಂದು ಕೆಂಪು ಸುರುಳಿ ದಾರ ಬರುತ್ತದೆ. ಒಂದು ತುದಿ ಎಂಜಿನ್‌ಗೆ, ಇನ್ನೊಂದು ಓಡಿಸುವವರ ಮಣಿಕಟ್ಟಿಗೆ. ನೀವು ನೀರಿಗೆ ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ. ಅದನ್ನು ಕಟ್ಟಿಕೊಳ್ಳದೆ ಹಗ್ಗ ಎಳೆಯಬೇಡಿ. ಜೊತೆಗೆ ಇನ್ನೊಂದು ದಾರ ತಂದು ಅವಳ ಲೈಫ್ ಜಾಕೆಟ್ ಜೇಬಿನಲ್ಲಿ ಇಡಿ, ಯಾಕೆಂದರೆ ನಿಮ್ಮ ಜೊತೆ ದಾರವೂ ನೀರಿಗೆ ಹೋದರೆ ಅದಿಲ್ಲದೆ ಅವಳು ಎಂಜಿನ್ ಸ್ಟಾರ್ಟ್ ಮಾಡಿ ನಿಮ್ಮ ಹತ್ತಿರ ಬರಲಾಗುವುದಿಲ್ಲ. ಅದನ್ನು ಸಿಕ್ಕಿಸುವುದು, ನ್ಯೂಟ್ರಲ್‌ಗೆ ತರುವುದು, ಲಂಗರು ಬಿಡುವುದು, ಈ ಮೂರನ್ನೂ ದಡದ ಹತ್ತಿರ ನೀರು ಶಾಂತವಾಗಿರುವಾಗ ಅವಳ ಕೈಯಿಂದಲೇ ಮಾಡಿಸಿ ನೋಡಿ.